ಅಪ್-ಡೌನ್ ನಿಂತ ವರ್ಷ

ಸಂಜೆಯ ಪ್ಯಾಸೆಂಜರ್ ಗಾಡಿ ವಾಡಿ ಸ್ಟೇಷನ್ನಿನ ಹೊರಗೆ ಔಟರ್ ಸಿಗ್ನಲ್ಲಿನಲ್ಲಿ ನಿಂತಿತೆಂದರೆ ಬೈಗುಳವೆಲ್ಲ ನನ್ನ ಗಂಡನ ಪಾಲಿಗೆ. ನಮ್ಮವರು ವಾಡಿ ಜಂಕ್ಷನ್ನಿನ ಕ್ಯಾಬಿನ್‌ನಲ್ಲಿ ಸಿಗ್ನಲ್ ಕೊಡುವ ಕೆಲಸದಲ್ಲಿದ್ದರು. ಸಿಮೆಂಟ್ ತುಂಬಿದ ಗೂಡ್ಸ್ ಮೊದಲು ಹೋಗಬೇಕು, ಆಮೇಲೆ ಎಕ್ಸ್‌ಪ್ರೆಸ್ ಹೋಗಬೇಕು, ಎಲ್ಲ ಮುಗಿದ ಮೇಲೆ ಮನೆಗೆ ಹೋಗಿ ಒಲೆ ಹಚ್ಚಬೇಕಾದ ಹೆಂಗಸರಿದ್ದ ನಮ್ಮ ಗಾಡಿ. ಇದು ಅವರ ಕೈಯಲ್ಲಿರಲಿಲ್ಲ, ಮೇಲಿನಿಂದ ಹೇಳಿದಂತೆ ಮಾಡುವವರು ಅವರು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೇನು, ಬೈಯಲಿಕ್ಕೆ ಒಬ್ಬ ಮನುಷ್ಯ ಬೇಕಲ್ಲ.

"ನೋಡ್ರಿ ಟೀಚರ್, ನಿಮ್ಮನಿಯವ್ರು ಮತ್ತ ನಿಲ್ಲಿಸ್ಯಾರ. ಮುಂಜಾನಿ ಜಗಳಾಡಿ ಬಂದೀರೇನು?" ಎಂದು ಚಿತ್ತಾಪುರದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದ ನಮ್ಮ ಗೆಳತಿ ಕೇಳುವಳು. ಆಕೆಯನ್ನು ನಾವು ಕೋರ್ಟಿನಾಕೆ ಎಂದೇ ಕರೆಯುತ್ತಿದ್ದೆವು.

"ಜಗಳಾಡಬೇಕಂದ್ರ ಇಬ್ರೂ ಬಾಯಿ ಬಿಡಬೇಕಲ್ಲವಾ. ನಮ್ಮವ್ರು ಕ್ಯಾಬಿನ್‌ನ್ಯಾಗ ಫೋನಿಗೆ ಹೇಳೋದು ಬಿಟ್ರ ಬ್ಯಾರೆ ಮಾತೇ ಆಡಂಗಿಲ್ಲ," ಎನ್ನುತ್ತಿದ್ದೆ ನಾನು. ಇಡೀ ಡಬ್ಬಿ ನಗುತ್ತಿತ್ತು.

ನಾನು ಟೀಚರ್. ಮನೆ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಶಾಲೆ ಸೇಡಂನಿಂದ ಆಚೆ ಒಂದು ಹಳ್ಳಿಯಲ್ಲಿ. ಮುಂಜಾನೆ ಗಾಡಿ ಹಿಡಿದು ಚಿತ್ತಾಪುರ, ಮಳಖೇಡ ದಾಟಿ ಸೇಡಂನಲ್ಲಿ ಇಳಿಯುವುದು, ಅಲ್ಲಿಂದ ಟಂಟಂ ಆಟೋ. ಸಂಜೆ ಅದೇ ದಾರಿ ವಾಪಸ್ಸು. ನಮ್ಮ ಕಡೆ ಇದಕ್ಕೆ ಅಪ್-ಡೌನ್ ಅನ್ನುತ್ತಾರೆ. ಅನ್ನುವಾಗ ದನಿಯಲ್ಲಿ ಸ್ವಲ್ಪ ಅಯ್ಯೋ ಪಾಪ ಸೇರಿಸಿಯೇ ಅನ್ನುತ್ತಾರೆ. "ಪಾಪ, ಆಕಿ ದಿನಾ ಅಪ್-ಡೌನ್ ಮಾಡ್ತಾಳ" ಎಂದರೆ ಆ ಹೆಂಗಸಿನ ಜೀವ ಅರ್ಧ ಸವೆದಿದೆ ಎಂದು ಅರ್ಥ. ನಾನೂ ಹಾಗೇ ನಂಬಿದ್ದೆ. ಸೊಂಟ ನೋವು ಬಂದರೆ ಗಾಡಿಯ ಮೇಲೆ ಹಾಕು, ತಲೆ ಸಿಡಿದರೆ ಗಾಡಿಯ ಮೇಲೆ ಹಾಕು, ಸಾರಿಗೆ ಉಪ್ಪು ಹೆಚ್ಚಾದರೂ ಗಾಡಿಯದೇ ತಪ್ಪು.

ಡಬ್ಬಿಯಲ್ಲಿ ನಾವು ನಾಲ್ವರು ಒಂದೇ ಕಡೆ ಕೂಡುತ್ತಿದ್ದೆವು. ನಾನು, ಕೋರ್ಟಿನಾಕೆ, ಸೇಡಂ ದವಾಖಾನೆಯಲ್ಲಿ ನರ್ಸ್ ಆಗಿದ್ದ ಸಿಸ್ಟರ್, ಮತ್ತೆ ಬಳೆ ಮಾರುವ ಖಾಲಾ. ಖಾಲಾ ವಯಸ್ಸಿನಲ್ಲಿ ನಮಗೆಲ್ಲ ದೊಡ್ಡವಳು. ಬಳೆಯ ಗಂಟನ್ನು ಸೀಟಿನ ಮೇಲೆ ಇಟ್ಟು ತಾನು ಕೆಳಗೆ ಕೂಡುತ್ತಿದ್ದಳು, ಕೆಳಗಿಟ್ಟು ಯಾರಾದರೂ ತುಳಿದರೆ ಅವು ಒಡೆಯುತ್ತವೆ, ನಾನು ಒಡೆಯಂಗಿಲ್ಲ ಎನ್ನುತ್ತಿದ್ದಳು.

ಸಂಜೆ ಎಲ್ಲರ ಚೀಲದಲ್ಲೂ ಪೇಟೆಯ ಕಾಯಿಪಲ್ಯ. ಪುಂಡಿ ಸೊಪ್ಪು, ಮೆಂತ್ಯೆ, ಸುಗ್ಗಿಯ ಮುಂದೆ ಹಸಿ ತೊಗರಿಕಾಯಿ. ಗಾಡಿಯಲ್ಲೇ ಸೋಸಿ, ಸುಲಿದು ಒಯ್ದರೆ ಮನೆಗೆ ಹೋದ ಕೂಡಲೇ ಒಲೆಗೆ ಏರಿಸಬಹುದು. ಮಡಿಲಲ್ಲಿ ಹಳೆಯ ಪೇಪರ್ ಹಾಸಿಕೊಂಡು ನಾವು ಸೋಸುತ್ತಿದ್ದೆವು. ಅದರಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆದುಬಿಟ್ಟಿತ್ತು. ಯಾರಿಗೆ ಆ ದಿನ ಮನಸ್ಸಿನಲ್ಲಿ ಸಂಕಟವಿದೆಯೋ ಅವಳು ತನ್ನ ಚೀಲವನ್ನು ಉಳಿದವರ ಮುಂದೆ ಸರಿಸಬೇಕು. ಅವಳ ಸೊಪ್ಪನ್ನು ನಾವು ಸೋಸಬೇಕು, ಅವಳು ಸುಮ್ಮನೆ ಕೂತು ಮಾತಾಡಬೇಕು. ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಚೀಲ ಸರಿದರೆ ಸಾಕು, ನಮಗೆ ತಿಳಿಯುತ್ತಿತ್ತು. ಕೈಗೆ ಕೆಲಸವಿದ್ದವರು ಹೇಳುವವಳ ಮುಖವನ್ನೇ ದಿಟ್ಟಿಸಿ ನೋಡುವುದಿಲ್ಲ ನೋಡಿ, ಅದಕ್ಕೇ ಹೇಳುವುದು ಸಲೀಸಾಗುತ್ತಿತ್ತು. ಕೋರ್ಟಿನಾಕೆಯ ಮೈದುನನ ಕುಡಿತ, ಖಾಲಾಳ ಮೊಮ್ಮಗಳ ಸೀಳುತುಟಿ, ನನ್ನ ಮಗಳನ್ನು ನೋಡಲು ಬಂದು ಬೇಡವೆಂದು ಹೋದ ಗಂಡುಗಳು, ಎಲ್ಲವೂ ಸೇಡಂ ಮತ್ತು ವಾಡಿಯ ನಡುವೆ ಸೊಪ್ಪಿನ ಕಡ್ಡಿಗಳ ಜೊತೆ ಕಿಟಕಿಯಿಂದ ಆಚೆ ಹೋಗಿವೆ.

ಸಿಸ್ಟರ್ ಮಾತ್ರ ಇದಕ್ಕೆ ಬೇರೆ ಹೆಸರಿಟ್ಟಿದ್ದಳು. ಅವಳ ಚೀಲದಲ್ಲಿ ಯಾವಾಗಲೂ ಒಂದು ಬಿಪಿ ಮಷಿನ್ ಇರುತ್ತಿತ್ತು, ಅವಳ ಸ್ವಂತದ್ದು. ನನಗೆ ಬಿಪಿ ಸ್ವಲ್ಪ ಗಡಿಯ ಮೇಲೆಯೇ ಇತ್ತು. ಯಾರಾದರೂ ಚೀಲ ಸರಿಸಿದ ದಿನ ಅವಳು ಆಕೆಯ ತೋಳಿಗೆ ಎರಡು ಸಲ ಪಟ್ಟಿ ಕಟ್ಟುತ್ತಿದ್ದಳು, ಸೇಡಂನಲ್ಲಿ ಗಾಡಿ ಬಿಡುವ ಮುಂಚೆ ಒಂದು ಸಲ, ವಾಡಿ ಔಟರ್‌ನಲ್ಲಿ ನಿಂತಾಗ ಇನ್ನೊಂದು ಸಲ. ಓಡುವ ಗಾಡಿಯಲ್ಲಿ ಸರಿಯಾಗಿ ಕೇಳಿಸುವುದಿಲ್ಲ ಎನ್ನುತ್ತಿದ್ದಳು.

"ಏನ್ರಿ ಸಿಸ್ಟರ್, ನಮ್ಮನ್ನ ಇಲಿ ಮಾಡಿ ಇಟ್ಕೊಂಡೀರೇನು?" ಎಂದು ನಾನು ರೇಗಿದೆ ಒಮ್ಮೆ.

"ರಿಸರ್ಚ್ ಮಾಡಾಕತ್ತೀನ್ರಿ ಟೀಚರ್. ಗಂಡನ್ನ ಬೈಯೋಕಿಂತ ಮೊದಲು ಎಷ್ಟದ, ಬೈದ ಮ್ಯಾಲೆ ಎಷ್ಟದ ಅಂತ."

"ಮತ್ತ ಎಷ್ಟದ?"

"ಇಳೀತದ್ರಿ. ಯಾವಾಗ್ಲೂ ಇಳೀತದ. ನಿಮ್ಮನಿಯವ್ರು ಔಟರ್‌ನ್ಯಾಗ ನಿಲ್ಲಿಸೋದು ನಿಮಗ ಔಷಧ ಆಗ್ಯದ."

ನಾವು ಬಿದ್ದು ಬಿದ್ದು ನಕ್ಕೆವು. ಅಂಥ ಮಾತನ್ನು ಯಾರು ನಿಜವೆಂದು ತಿಳಿಯುತ್ತಾರೆ? ಬಿಪಿ ಎಂದರೆ ಉಪ್ಪು, ಉಪ್ಪಿನಕಾಯಿ, ಹಪ್ಪಳ. ಮಾತಿಗೂ ಅದಕ್ಕೂ ಏನು ಸಂಬಂಧ ಎಂದೇ ನಮ್ಮ ತಿಳಿವಳಿಕೆ.

ಆಮೇಲೆ ನನಗೆ ವಾಡಿಗೇ ವರ್ಗವಾಯಿತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆ. ಜನ ಪೇಡೆ ಕೇಳಿಕೊಂಡು ಮನೆಗೆ ಬಂದರು. ಶಹಾಬಾದಿನಲ್ಲಿರುವ ನನ್ನ ಗಂಡನ ಅಕ್ಕ ಫೋನಿನಲ್ಲಿ "ನಿನ್ನ ವನವಾಸ ಮುಗೀತು ನೋಡವಾ" ಎಂದರು. ಕೊನೆಯ ದಿನ ಗಾಡಿಯಲ್ಲಿ ಖಾಲಾ ನನ್ನ ಎರಡೂ ಕೈಗೆ ಹಸಿರು ಬಳೆ ತೊಡಿಸಿ, "ಆರಾಮ ಇರು ಬೇಟಿ, ಫಿಕರ್ ಮಾಡಬ್ಯಾಡ" ಎಂದಳು. ಸಿಸ್ಟರ್ ಮಾತ್ರ ನಗುತ್ತ, "ನನ್ನ ರಿಸರ್ಚ್ ಅರ್ಧಕ್ಕ ನಿಂತಿತಲ್ರಿ" ಎಂದಳು. ನನಗೆ ಅಂದು ಸಂತೋಷವೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ಒಂದು ತಿಂಗಳು ಅರಮನೆಯ ಸುಖ. ಮುಂಜಾನೆ ಬಿಸಿ ರೊಟ್ಟಿ ತಿಂದು ಶಾಲೆಗೆ ಹೋಗುವುದು, ಸಂಜೆ ಬಿಸಿಲಿರುವಾಗಲೇ ಮನೆಗೆ ಬರುವುದು. ಬಂದು ಏನು ಮಾಡುವುದು? ಮಗಳು ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗಿದ್ದಳು. ನಮ್ಮವರಿಗೆ ಶಿಫ್ಟ್ ಡ್ಯೂಟಿ. ಮನೆಯಲ್ಲಿದ್ದರೂ ಅವರದು ಹ್ಞೂಂ, ಉಹ್ಞೂಂ, ಸಾಕು, ಹಾಕು. ನಾಲ್ಕು ಮಾತಿನಲ್ಲಿ ಒಂದು ದಿನ ಕಳೆಯಬಲ್ಲ ಮನುಷ್ಯ. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಪುಂಡಿ ಸೊಪ್ಪು ಸೋಸುತ್ತಿದ್ದೆ. ಕ್ವಾರ್ಟರ್ಸಿನ ಹೆಂಗಸರು ಒಳ್ಳೆಯವರೇ. ಆದರೆ ಅವರ ಮುಂದೆ ಬಾಯಿ ಬಿಟ್ಟರೆ ಮಾತು ಸಂಜೆಯೊಳಗೆ ಕ್ಯಾಬಿನ್ ಮುಟ್ಟುತ್ತಿತ್ತು. ಗಾಡಿಯ ಮಾತು ಗಾಡಿಯಲ್ಲೇ ಇಳಿದುಹೋಗುತ್ತಿತ್ತು, ಕ್ವಾರ್ಟರ್ಸಿನ ಮಾತು ಇಳಿಯುವುದೇ ಇಲ್ಲ.

ಆ ವರ್ಷವೇ ಚಿಂಚೋಳಿಯಲ್ಲಿ ನನ್ನವ್ವ ತೀರಿಕೊಂಡಳು. ಅವಳಿಗೆ ಲಕ್ವಾ ಹೊಡೆದು ಬಲಭಾಗ ಸತ್ತಿತ್ತು, ಅಣ್ಣನ ಮನೆಯಲ್ಲಿ ಮಲಗಿದಲ್ಲೇ ಇದ್ದಳು. ಮಾತೆಲ್ಲ ಹೋಗಿ ಒಂದೇ ಒಂದು ಶಬ್ದ ಉಳಿದಿತ್ತು, "ಬರ್ರಿ." ನೀರು ಬೇಕಾದರೂ ಬರ್ರಿ, ಬೆನ್ನು ನೋಯುತ್ತಿದ್ದರೂ ಬರ್ರಿ, ಅಳು ಬಂದರೂ ಬರ್ರಿ. ಜೀವನವಿಡೀ ಬಂದವರನ್ನು ಕರೆದು ಕೂಡಿಸಿ ಉಣಿಸಿದವಳು, ಕೊನೆಗೆ ಅದೊಂದೇ ನಾಲಿಗೆಯ ಮೇಲೆ ಉಳಿದಿತ್ತು. ತನ್ನ ಸಂಕಟವನ್ನು ಮಾತ್ರ ಯಾರ ಮುಂದೂ ಹೇಳಿದವಳಲ್ಲ. ಎಲ್ಲ ನುಂಗಿಕೊಂಡೇ ಬದುಕಿದಳು. ನಾನು ಭಾನುವಾರ ಬಸ್ಸಿನಲ್ಲಿ ಹೋಗಿ ಅವಳ ತಲೆ ಬಾಚಿ ಬರುತ್ತಿದ್ದೆ. ವಾಪಸ್ಸು ಬರುವಾಗ ಬಸ್ಸಿನ ಬಾಗಿಲಲ್ಲಿ ನಿಂತು, ನನಗೆ ಇಂಥದ್ದೊಂದು ಬರದಿರಲಿ, ಬೇರೆ ಏನಾದರೂ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಕ್ವಾರ್ಟರ್ಸಿನ ಹೆಂಗಸರು ಬಂದರು, ಕೂತರು, "ಪುಣ್ಯವಂತಿ, ಬಿಡುಗಡೆ ಆಯ್ತು ಬಿಡ್ರಿ" ಎಂದು ಎದ್ದು ಹೋದರು. ನಾನು ಎಲ್ಲರಿಗೂ ಚಹಾ ಕೊಟ್ಟೆ. ಶಾಲೆಯಲ್ಲಿ ಹಾಜರಿ ಕರೆದೆ. ಮನೆಯಲ್ಲಿ ರೊಟ್ಟಿ ಬಡಿದೆ. ಅಳಲಿಕ್ಕೆ ಸರಿಯಾದ ಒಂದು ಹೊತ್ತೂ ಸಿಗಲಿಲ್ಲ, ಒಂದು ಜಾಗವೂ ಸಿಗಲಿಲ್ಲ.

ಆಮೇಲೆ ಮೈ ಕೆಡಲು ಶುರುವಾಯಿತು. ಮೊದಲು ಕುತ್ತಿಗೆ ಬಿಗಿದುಕೊಂಡಿತು. ನಿದ್ದೆ ಹೋಯಿತು. ಬಲಗೈ ಬೆರಳಿಗೆ ಜೋಮು ಹಿಡಿಯತೊಡಗಿತು. ಸಣ್ಣ ಮಕ್ಕಳು ಪೆನ್ಸಿಲ್ ಬೀಳಿಸಿದರೂ ಸಿಡಿಮಿಡಿ. ಸಿಟ್ಟು ನನಗೆ ಮೊದಲಿನಿಂದಲೂ ಇದೆ, ಇದು ಆ ಸಿಟ್ಟಲ್ಲ. ಬಲಗೈಯಲ್ಲಿ ಜೋಮು ಎಂದರೆ ನನಗೆ ಒಂದೇ ಅರ್ಥ. ಅವ್ವನ ಹಾದಿಯಲ್ಲಿ ನಾನೂ ಹೊರಟೆ. ಯಾರ ಮುಂದೂ ಹೇಳಲಿಲ್ಲ. ದಿನಾ ಸ್ನಾನ ಮಾಡುವಾಗ ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದೆ, ಕನ್ನಡಿಯ ಮುಂದೆ ಬಾಯಿ ಸೊಟ್ಟಗಾಗಿದೆಯೇ ಎಂದು ನಕ್ಕು ನೋಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ, ಮಕ್ಕಳು ಬಿಸಿಯೂಟಕ್ಕೆ ಸಾಲು ನಿಂತಾಗ ಎದೆ ಒತ್ತಿ ಹಿಡಿದಂತಾಗಿ ಅಲ್ಲೇ ಕುಸಿದೆ. ನಮ್ಮವರು ಡ್ಯೂಟಿಯಿಂದ ಓಡಿ ಬಂದು, ಜೀಪು ಮಾಡಿಕೊಂಡು ಕಲಬುರಗಿಗೆ ಒಯ್ದರು. ಇಸಿಜಿ, ರಕ್ತ, ಎಕ್ಸ್‌ರೇ. ದಾರಿಯುದ್ದಕ್ಕೂ ಅವರು ಡ್ರೈವರಿಗೆ "ಜರಾ ಜಲ್ದಿ" ಎಂದದ್ದು ಬಿಟ್ಟರೆ ತುಟಿ ಬಿಚ್ಚಲಿಲ್ಲ. ಎಂಥ ಕಲ್ಲು ಮನುಷ್ಯ ಎಂದುಕೊಂಡೆ.

ಡಾಕ್ಟರ್ ನನ್ನ ಮಗಳ ವಯಸ್ಸಿನ ಹುಡುಗಿ. ಕಾಗದಗಳನ್ನೆಲ್ಲ ನೋಡಿ, "ಹಾರ್ಟ್ ಛಲೋ ಅದ್ರಿ. ಬಿಪಿ ಭಾಳ ಏರ್ಯದ, ಅದಕ್ಕ ಗುಳಿಗಿ ಬರೀತೀನಿ. ಕೈ ಜೋಮಿಗೂ ಪರೀಕ್ಷಾ ಮಾಡೀವಿ, ಲಕ್ವಾ ಅಲ್ಲ. ಈಚೆಗೆ ಮನಸ್ಸಿಗೆ ಏನಾದ್ರೂ ತ್ರಾಸ ಆಗ್ಯದೇನು?" ಎಂದು ಕೇಳಿದಳು.

ನನಗೆ ಪಿತ್ತ ನೆತ್ತಿಗೇರಿತು. "ಅಂದ್ರ ನನಗ ಹುಚ್ಚು ಅಂತೀರೇನು? ಬ್ಯಾನಿ ಎದಿಯಾಗ ಅದ, ತಲ್ಯಾಗಲ್ಲ."

ಅವಳು ಸಿಟ್ಟಾಗಲಿಲ್ಲ. "ಮನಸ್ಸು ಬ್ಯಾರೆ, ಮೈ ಬ್ಯಾರೆ ಅಂತ ನಾವು ತಿಳ್ಕೊಂಡೀವ್ರಿ, ಅಷ್ಟೇ. ಮೈಗೆ ಅದು ಗೊತ್ತಿಲ್ಲ. ಫಿಕರ್ ಮಾಡಿದ್ರ ಎದಿ ಬಡ್ಕೊಂತದ, ನಿದ್ದಿ ಹೋಗ್ತದ, ಬಿಪಿ ಏರ್ತದ. ದಿನಾ ಹಂಗೇ ಆದ್ರ ಮೈ ಎಷ್ಟಂತ ತಡೀತದ? ಒಂದ್ ಮಾತು ಕೇಳ್ತೀನಿ. ನಿಮ್ಮ ಮನಸ್ಸಿನ್ಯಾಗ ಇದ್ದದ್ದು ಯಾರ ಮುಂದ ಹೇಳ್ತೀರಿ?"

"ಮನ್ಯಾಗ ಎಲ್ಲಾರೂ ಅದಾರಲ್ರಿ," ಎಂದೆ.

"ಯಾರದಾರ ಅಂತ ಕೇಳ್ಲಿಲ್ಲ. ಯಾರ ಮುಂದ ಹೇಳ್ತೀರಿ ಅಂತ ಕೇಳಿದೆ."

ನಮ್ಮವರು ಪಕ್ಕದ ಸ್ಟೂಲಿನ ಮೇಲೆಯೇ ಕೂತಿದ್ದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ, ಅವರು ತಮ್ಮ ಚಪ್ಪಲಿ ನೋಡಿಕೊಂಡರು. ಡಾಕ್ಟರ್ ಮತ್ತೆ ಕೇಳದೆ, ಗುಳಿಗೆ ಬರೆದು, ಸ್ವಲ್ಪ ರೆಸ್ಟ್ ತಗೊಳ್ಳಿ ಎಂದು ಹೇಳಿ ಕಳಿಸಿದಳು.

ರೆಸ್ಟ್ ಎಂಬ ಆ ಒಂದು ಶಬ್ದವನ್ನು ನಮ್ಮ ಮನೆಯವರು ಗಟ್ಟಿಯಾಗಿ ಹಿಡಿದುಕೊಂಡರು. ಶಹಾಬಾದಿನಿಂದ ನನ್ನ ಗಂಡನ ಅಕ್ಕ ಬಂದಿಳಿದರು. ಬಂದವರೇ ದೃಷ್ಟಿಗೆಂದು ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು. "ಗಾಡ್ಯಾಗಿನ ಹೆಂಗಸ್ರ ಕಣ್ಣು ಬಿದ್ದಾವ. ಮನಿ ಮುಂದ ನೌಕರಿ ಸಿಕ್ಕಿತಂತ ಹೊಟ್ಟೆಕಿಚ್ಚು," ಎಂದರು. ಮೆಣಸಿನಕಾಯಿಯ ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು. ನನಗೆ ಕೆಮ್ಮಿನ ನೆಪದಲ್ಲಿ ಸ್ವಲ್ಪ ಅಳು ಬಂತು, ಅದಕ್ಕೂ ಅವರು "ನೋಡು, ಎಷ್ಟು ಕಣ್ಣಿದ್ದವು" ಎಂದರು.

ಅಕ್ಕ, ತಮ್ಮ ಸೇರಿ ಕಾಯಿದೆ ಮಾಡಿದರು. ಇವಳ ಮುಂದೆ ಅವ್ವನ ವಿಷಯ ತೆಗೆಯಬಾರದು. ನೆರೆಯವರು ಹೆಚ್ಚು ಹೊತ್ತು ಕೂಡಬಾರದು. ಮಗಳು ಫೋನ್ ಮಾಡಿದರೆ ಆರಾಮ ಇದ್ದಾಳೆ ಎಂದು ಹೇಳಿ ಇಡಬೇಕು, ಮಾತಾಡಿದರೆ ಬಿಪಿ ಏರುತ್ತದೆ. ಟಿವಿ ಬಂದ್. ಬಾಗಿಲು ಸಪ್ಪಳವಿಲ್ಲದೆ ಹಾಕಬೇಕು. ನಮ್ಮ ಕಡೆ ರೋಗಿಯ ಮೇಲೆ ಪ್ರೀತಿ ತೋರಿಸುವ ರೀತಿಯೇ ಇದು, ಮಾತು ಮುಟ್ಟಿದರೆ ಗಾಯ ಎದ್ದೀತು ಎಂದು ಎಲ್ಲರೂ ಬಾಯಿ ಮುಚ್ಚಿಕೊಳ್ಳುವುದು. ಅಕ್ಕ ಪಾಪ ನನ್ನ ಕಾಲು ಒತ್ತುತ್ತಿದ್ದರು, ಉಪ್ಪಿಲ್ಲದ ನುಚ್ಚು ಮಾಡಿ ಕೊಡುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡುವಂತೆಯೂ ಇರಲಿಲ್ಲ. ಗುಳಿಗೆ ನುಂಗುತ್ತಿದ್ದೆ, ಮಲಗಿರುತ್ತಿದ್ದೆ, ಮೇಲೆ ನೋಡುತ್ತಿದ್ದೆ. ಬೆರಳಿನ ಜೋಮು ಮೊಣಕೈವರೆಗೆ ಏರಿತು. ಇನ್ನೇನು, ಇವತ್ತೋ ನಾಳೆಯೋ ಎಂದು ಲೆಕ್ಕ ಹಾಕುತ್ತಿದ್ದೆ. ಮಾತು ಹೋದರೆ ನನಗೆ ಯಾವ ಶಬ್ದ ಉಳಿದೀತು ಎಂದು ಯೋಚಿಸಿ ಹೆದರಿ ಬೆವರುತ್ತಿದ್ದೆ.

ಒಂದು ಸಂಜೆ ಸಿಸ್ಟರ್ ಮನೆಗೆ ಬಂದಳು. ಸ್ಟೇಷನ್ನಿನಿಂದ ನೇರವಾಗಿ, ಕಾಯಿಪಲ್ಯದ ಚೀಲದ ಸಮೇತ. ಅಕ್ಕ ಬಾಗಿಲಲ್ಲೇ ತಡೆದು, "ಮಲಗ್ಯಾಳ್ರಿ, ಮಾತಾಡಿಸಬ್ಯಾಡ್ರಿ" ಎಂದರು. "ಮಾತಾಡಸಂಗಿಲ್ಲ, ಬಿಪಿ ನೋಡ್ತೀನಿ" ಎಂದು ಸಿಸ್ಟರ್ ಒಳಗೆ ನುಗ್ಗಿಯೇ ಬಿಟ್ಟಳು. ಪಟ್ಟಿ ಕಟ್ಟಿ ನೋಡಿದಳು, ಮುಖ ಗಂಟಿಕ್ಕಿದಳು, ನಮ್ಮವರನ್ನು ಕರೆದಳು.

"ನಾಳಿ ಇವರ್ನ ನನ್ನ ಜೋಡಿ ಸೇಡಂಕ ಕಳಸ್ರಿ. ಸಂಜೀಕ ನಾನೇ ಕರಕೊಂಡ್ ಬರ್ತೀನಿ."

"ಡಾಕ್ಟ್ರು ರೆಸ್ಟ್ ಹೇಳ್ಯಾರಲ್ರಿ," ಎಂದರು ಅವರು.

"ಹೌದ್ರಿ. ಗಾಡ್ಯಾಗ ಕುಂದ್ರೋದೂ ರೆಸ್ಟೇ. ನಾ ಜೋಡಿ ಇರ್ತೀನಿ, ನಮ್ಮ ಡಾಕ್ಟ್ರಿಗೂ ತೋರಿಸ್ತೀನಿ."

ಅಕ್ಕ ಕೂಗಾಡಿದರು. "ಆ ಗಾಡೀನೇ ಈಕಿನ್ನ ತಿಂದದ, ಮತ್ತ ಅದರಾಗೇ ಹಾಕ್ತೀರೇನು?" ನಮ್ಮವರು ಒಂದಷ್ಟು ಹೊತ್ತು ಅಂಗಳದಲ್ಲಿ ನಿಂತಿದ್ದು, ಒಳಗೆ ಬಂದು, "ಹೋಗಿ ಬಾ" ಎಂದರು. ಮುಂಜಾನೆ ತಾವೇ ನನ್ನನ್ನು ಡಬ್ಬಿ ಹತ್ತಿಸಿದರು.

ದಿನವಿಡೀ ಸೇಡಂ ದವಾಖಾನೆಯ ನರ್ಸುಗಳ ಕೋಣೆಯಲ್ಲಿ ಮಲಗಿದ್ದೆ. ಸಂಜೆ ಗಾಡಿ ಬಿಟ್ಟಿತು. ಖಾಲಾ ಹತ್ತಿದಳು, ನನ್ನನ್ನು ನೋಡಿ "ಅಯ್ಯೋ ನನ್ನವ್ವಾ, ಹಿಂಗ್ಯಾಕ ಸೊರಗೀದಿ" ಎಂದು ಮುಖ ಸವರಿದಳು. ನಾನು ಸಿಸ್ಟರ್ ತಂದುಕೊಟ್ಟಿದ್ದ ಒಂದು ಸೂಡು ಮೆಂತ್ಯೆಯಿದ್ದ ಚೀಲವನ್ನು ಅವರ ಮುಂದೆ ಸರಿಸಿದೆ. ಸಿಸ್ಟರ್ ಪೇಪರ್ ಹಾಸಿದಳು. ಇಬ್ಬರೂ ತಲೆ ತಗ್ಗಿಸಿ ಸೋಸತೊಡಗಿದರು.

ಮಳಖೇಡ ದಾಟುವವರೆಗೆ ಕಿಟಕಿಯ ಆಚೆ ನೋಡುತ್ತ ಕೂತಿದ್ದೆ. ಆಮೇಲೆ "ನಮ್ಮವ್ವ ಬರ್ರಿ ಅಂತಿದ್ಳು" ಎಂದೆ. ಅಷ್ಟೇ, ಮುಂದಿನದೆಲ್ಲ ಒಡ್ಡು ಒಡೆದ ಹಾಗೆ ಬಂತು. ಅವ್ವನ ತಲೆ ಬಾಚಿದ್ದು, ಕೊನೆಯ ಭಾನುವಾರ ಬಸ್ಸು ತಪ್ಪಿ ನಾನು ಹೋಗಲಾಗದೆ ಉಳಿದದ್ದು, ಬೆರಳಿನ ಜೋಮು, ಕನ್ನಡಿಯ ಮುಂದೆ ನಗುವುದು, ಎಲ್ಲ. ಚಿತ್ತಾಪುರದಲ್ಲಿ ಹತ್ತಿದ ಕೋರ್ಟಿನಾಕೆ ಏನೂ ಕೇಳದೆ ನನ್ನ ಪಕ್ಕ ಕೂತು ಒಂದು ಹಿಡಿ ಸೊಪ್ಪು ಎತ್ತಿಕೊಂಡಳು. ನಾನು ಹೋ ಎಂದು ಅತ್ತೆ. ಎದುರು ಸೀಟಿನ ಅಪರಿಚಿತ ಹೆಂಗಸೊಬ್ಬಳು ತನ್ನ ನೀರಿನ ಬಾಟಲಿ ಕೊಟ್ಟಳು. ಯಾರೂ ಸಮಾಧಾನ ಹೇಳಲಿಲ್ಲ, ಪುಣ್ಯವಂತಿ ಎನ್ನಲಿಲ್ಲ, ಬಿಡುಗಡೆ ಎನ್ನಲಿಲ್ಲ. ಖಾಲಾ ಸೊಪ್ಪು ಸೋಸುತ್ತಲೇ ತಾನೂ ಮೂಗು ಒರೆಸಿಕೊಂಡಳು.

ಔಟರ್‌ನಲ್ಲಿ ಗಾಡಿ ನಿಂತಿತು. ಸಿಸ್ಟರ್ ಪಟ್ಟಿ ಕಟ್ಟಿದಳು. ಎಷ್ಟು ಎಂದು ಕೇಳಿದರೆ ಹೇಳಲಿಲ್ಲ, "ಇಳದದ" ಎಂದಷ್ಟೇ ಹೇಳಿ ನನ್ನ ಕೈ ಹಿಡಿದುಕೊಂಡೇ ಕೂತಳು. ಮನೆಗೆ ಬಂದು ಎರಡು ರೊಟ್ಟಿ ಉಂಡು ಮಲಗಿದೆ. ಮರುದಿನ ಅಕ್ಕ ಚಹಾ ಹಿಡಿದು ಬಂದು ಅಲುಗಾಡಿಸಿದಾಗಲೇ ಎಚ್ಚರವಾದದ್ದು.

ಮರುವಾರ ನಾನು ಗುಳಿಗೆ ಬಿಡುತ್ತೇನೆ, ಗಾಡಿಯೇ ಸಾಕು ಎಂದು ಸಿಸ್ಟರ್ ಮುಂದೆ ಬಡಾಯಿ ಕೊಚ್ಚಿದೆ. ಅವಳು ನನ್ನ ಮರ್ಯಾದೆ ತೆಗೆದಳು. "ಟೀಚರ್ ಆಗಿ ಹಿಂಗ ಮಾತಾಡ್ತೀರಿ? ಮಾತೂ ಬೇಕು, ಗುಳಿಗಿನೂ ಬೇಕು. ಒಂದಕ್ಕೊಂದು ಬದಲಿ ಅಲ್ಲ." ಆ ಗುಳಿಗೆ ಇವತ್ತಿಗೂ ಇದೆ, ಸಣ್ಣದಾಗಿದೆ ಅಷ್ಟೇ. ಜೋಮು ಮಾತ್ರ ಮಳೆಗಾಲ ಮುಗಿಯುವುದರೊಳಗೆ ಹೇಳದೆ ಕೇಳದೆ ಹೊರಟುಹೋಯಿತು.

ಸೇಡಂ ಕಡೆಯ ನನ್ನ ಹಳೆಯ ಶಾಲೆಗೆ ಹೋಗಿದ್ದ ಟೀಚರಿಗೆ ವಾಡಿ ಬೇಕಿತ್ತು. ನಾವಿಬ್ಬರೂ ಒಪ್ಪಿ ಅದಲು ಬದಲು ವರ್ಗಾವಣೆಗೆ ಅರ್ಜಿ ಹಾಕಿದೆವು. ಚಿತ್ತಾಪುರದ ಶಿಕ್ಷಣ ಆಫೀಸಿನ ಗುಮಾಸ್ತ ನನ್ನ ಅರ್ಜಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿ, "ಮೇಡಂ, ಉಲ್ಟಾ ಬರದೀರೇನು? ವಾಡಿಯಿಂದ ಸೇಡಂ ಕಡೆಗಾ?" ಎಂದ. "ಸೀದಾ ಬರದೀನಿ, ನೀವು ಸೀದಾ ಓದ್ರಿ" ಎಂದೆ. ಶಹಾಬಾದಿನಿಂದ ಅಕ್ಕ ಫೋನ್ ಮಾಡಿ, ಇವಳಿಗೆ ಇನ್ನೂ ಇಳಿ ತೆಗೆಯಬೇಕು ಎಂದರು. ನಮ್ಮವರಂತೂ "ಹ್ಞೂಂ" ಎಂದರು. ನಾನು ಮತ್ತೆ ಗಾಡಿ ಹತ್ತಿದೆ. ಆಮೇಲಿನ ವರ್ಷಗಳು ನನ್ನ ಜೀವನದ ಚಂದದ ವರ್ಷಗಳು. ಈಗಲೂ ಹಸಿ ತೊಗರಿಕಾಯಿಯ ವಾಸನೆ ಬಂದರೆ ನನಗೆ ಆ ಡಬ್ಬಿ ನೆನಪಾಗುತ್ತದೆ.

ಈಗ ನಾನು ನಿವೃತ್ತಳಾಗಿದ್ದೇನೆ. ನಮ್ಮವರು ನನಗಿಂತ ಮೊದಲೇ ಆದರು. ಕ್ವಾರ್ಟರ್ಸ್ ಬಿಟ್ಟು ವಾಡಿಯಲ್ಲೇ ಸ್ವಂತ ಮನೆಗೆ ಬಂದಿದ್ದೇವೆ, ನೆಲಕ್ಕೆಲ್ಲ ಶಹಾಬಾದಿ ಕಲ್ಲು. ಖಾಲಾ ಇಲ್ಲ. ಸಿಸ್ಟರ್ ಮಗನ ಜೊತೆ ಬೀದರಿನಲ್ಲಿದ್ದಾಳೆ, ಫೋನಿನಲ್ಲಿ ಈಗಲೂ ಗದರಿಸುತ್ತಾಳೆ. ಕೋರ್ಟಿನಾಕೆ ಇನ್ನೂ ಓಡಾಡುತ್ತಾಳೆ, ಆದರೆ ಡಬ್ಬಿಯಲ್ಲಿ ಎಲ್ಲರೂ ಮೊಬೈಲು ನೋಡುತ್ತಾರೆ ಎಂದು ಮುಖ ಸಣ್ಣದು ಮಾಡುತ್ತಾಳೆ.

ನಿವೃತ್ತಿಯಾದ ಮೊದಲ ವಾರವೇ ಸಂಜೆಯ ಹೊತ್ತಿಗೆ ಕುತ್ತಿಗೆ ಬಿಗಿಯತೊಡಗಿತು. ನನಗೆ ಒಳಗೊಳಗೇ ಅಂಜಿಕೆ. ಈ ಸಲ ಗಾಡಿಯೂ ಇಲ್ಲವಲ್ಲ. ಕಟ್ಟೆಯ ಮೇಲೆ ಕೂತಿದ್ದೆ. ನಮ್ಮವರು ಎರಡು ಲೋಟದಲ್ಲಿ ಚಹಾ ತಂದರು, ಅರ್ಧ ಸಾಸರಿಗೆ ಚೆಲ್ಲಿತ್ತು. ಪಕ್ಕ ಕೂತು, "ಹೇಳು" ಎಂದರು.

"ಏನ್ ಹೇಳ್ಲಿ?"

"ಗಾಡ್ಯಾಗ ಏನ್ ಹೇಳ್ತಿದ್ದಿ, ಅದು."

"ಗಾಡ್ಯಾಗ ನಿಮ್ಮನ್ನೇ ಬೈತಿದ್ದೆ."

"ಬೈ ಮತ್ತ. ಕೇಳ್ತೀನಿ."

ಸಾಸರಿಗೆ ಚೆಲ್ಲಿದ್ದ ಚಹಾವನ್ನು ಲೋಟಕ್ಕೆ ಸುರಿದುಕೊಂಡೆ. ಆಮೇಲೆ ಬೈದೆ, ಮನಸಾರೆ ಬೈದೆ. ಅವರು ಕೇಳಿದರು. ಮರುದಿನವೂ ಚಹಾ ತಂದರು. ಹಾಗೇ ದಿನಾ ನಡೆಯಿತು. ನಾನು ಸಲೀಸಾದೆ, ಕುತ್ತಿಗೆಯೂ ಸಲೀಸಾಯಿತು. ಆದರೆ ಮಾತು ಯಾವಾಗಲೂ ನನ್ನದೇ. "ನೀವೂ ಏನಾದ್ರೂ ಹೇಳ್ರಿ" ಎಂದರೆ "ನಂದೇನದ" ಎನ್ನುತ್ತಿದ್ದರು. ನಾನು ಬಿಡುವವಳೇ? ದಿನಾ ಕೇಳಿದೆ.

ಹೋದ ತಿಂಗಳು ಒಂದು ಸಂಜೆ, ಲೋಟ ಕೆಳಗಿಟ್ಟು, ಅಂಗಳ ನೋಡುತ್ತ ಹೇಳಿದರು. "ಆವತ್ತ ಕಲಬುರಗಿಯಾಗ ನಿನ್ನ ಒಳಗ ಕರಕೊಂಡು ಹೋದ್ರಲ್ಲ. ನಾ ಹೊರಗ ಸೈಕಲ್ ಸ್ಟ್ಯಾಂಡಿನ್ಯಾಗ ನಿಂತು ಅತ್ತೆ. ಯಾರೋ ಒಬ್ಬಾಂವ ನೀರು ತಂದು ಕೊಟ್ಟು, ಯಾರು ತೀರ್ಕೊಂಡ್ರು ಅಂತ ಕೇಳ್ದ. ನಿಮ್ಮವ್ವನಂಗ ನೀನೂ ಮಲಗಿಬಿಟ್ರ ಅಂತ..." ಎಡಗೈ ಬೆರಳು ಮಡಚಿ ಬಿಚ್ಚಿ ನೋಡಿಕೊಂಡು, "ಆವತ್ತಿನಿಂದ ನನ್ನ ಎಡಗೈ ಜೋಮು ಹಿಡೀತದ" ಎಂದರು.

ಮರುದಿನ ಮೊದಲ ಗಾಡಿಗೇ ಅವರನ್ನು ಕಲಬುರಗಿಗೆ ಎಳೆದುಕೊಂಡು ಹೋದೆ. ಅವರ ಬಿಪಿ ನನಗೆ ಯಾವತ್ತೂ ಇದ್ದದ್ದಕ್ಕಿಂತ ಹೆಚ್ಚಿತ್ತು. ಮೆದುಳಿನ ಫೋಟೋ ತೆಗೆಸಿದರು. ಸದ್ಯಕ್ಕೆ ಏನೂ ಆಗಿಲ್ಲ, ಆದರೆ ಇನ್ನಷ್ಟು ತಡ ಮಾಡಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಗುಳಿಗೆ ಬರೆದುಕೊಟ್ಟರು.

ವಾಪಸ್ಸು ಬರುವಾಗ ಗಾಡಿಯಲ್ಲಿ ಜನ ಕಡಿಮೆಯಿದ್ದರು. ನನಗೆ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತ್ತು. ಶಹಾಬಾದ್ ಬರುವವರೆಗೆ ತಡೆದುಕೊಂಡು ಕೂತಿದ್ದು, ಆಮೇಲೆ ತಡೆಯಲಾಗದೆ ಕೇಳಿಯೇ ಬಿಟ್ಟೆ. "ಇಷ್ಟು ವರ್ಷ ಕೈ ಜೋಮು ಹಿಡಕೊಂಡು ತಿರುಗ್ಯಾಡೀರಿ. ಯಾರ ಮುಂದಾದ್ರೂ ಒಂದ್ ಮಾತು ಹೇಳಬಾರದಿತ್ತೇನು?"

ಅವರು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು. ಬೈಗುಳವಿಲ್ಲ, ದೂರಿಲ್ಲ, ಕ್ಯಾಬಿನ್ ಫೋನಿನಲ್ಲಿ ಲೈನ್ ಕ್ಲಿಯರ್ ಹೇಳಿದಷ್ಟೇ ಸಾದಾ ದನಿ.

"ಯಾರ ಮುಂದ ಹೇಳ್ಲಿ? ನಿನಗಾದ್ರ ಗಾಡಿ ಇತ್ತು."